ಊರಿಗಾಂ ಬಂದಾಗ ಎಬ್ಬಿಸಬೇಕಿತ್ತು

ನನಗಾಗ ಐವತ್ತನಾಲ್ಕು. ಈ ಮಾತಿಗೆ ಹದಿನಾಲ್ಕು ವರ್ಷವಾಯಿತು. ಮೊನ್ನೆ ಮೊಮ್ಮಗಳಿಗೆ ನೆಗಡಿಯಾಗಿ ಸೊಸೆ ಬಿಸಿನೀರಿಗೆ ನೀಲಗಿರಿ ಎಣ್ಣೆ ಬಿಟ್ಟಳು. ಆ ವಾಸನೆ ಮೂಗಿಗೆ ಬಡಿದದ್ದೇ ಸಿಸ್ಟರಮ್ಮ ನೆನಪಾದಳು. ಕರ್ಚೀಫಿನ ಮೂಲೆಗೆ ಅದೇ ಎಣ್ಣೆ ಎರಡು ಹನಿ ಹಾಕಿಕೊಂಡು ದಿನವಿಡೀ ಮೂಸುತ್ತಿದ್ದಳು. ನೆಗಡಿಗಲ್ಲ, ನಿದ್ದೆ ಬಾರದಿರಲಿ ಅಂತ.

ಕೆಜಿಎಫ್‌ನ ಒಂದು ಆಸ್ಪತ್ರೆಯಲ್ಲಿ ಆಕೆ ನರ್ಸು, ನಾನು ಆಯಾ. ಇಬ್ಬರೂ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಊರಿಗಾಂನಲ್ಲಿ ಇಳಿಯುತ್ತಿದ್ದೆವು. ಕೂತ ತಕ್ಷಣ ಆಕೆಯ ತಲೆ ಕಿಟಕಿಗೆ ಒರಗುತ್ತಿತ್ತು. ಊರಿಗಾಂ ಬಂದಾಗ ಭುಜ ಅಲ್ಲಾಡಿಸಿ ಎಬ್ಬಿಸುವುದು ನನ್ನ ಕೆಲಸ.

ಆ ವರ್ಷ ವಾರ್ಡಿನ ಐದು ನರ್ಸುಗಳಲ್ಲಿ ಮೂವರು ಬಿಟ್ಟುಹೋದರು. ಹೊಸಬರು ಬರುತ್ತಾರೆ, ಇನ್ನೊಂದು ತಿಂಗಳು ತಡೆದುಕೊಳ್ಳಿ ಅಂತ ಮೇಟ್ರನ್ ತಿಂಗಳು ತಿಂಗಳೂ ಹೇಳುತ್ತಿದ್ದಳು. ಈಕೆ ತಡೆದುಕೊಂಡಳು. ಒಂದರ ಮೇಲೊಂದು ಡ್ಯೂಟಿ. ಮನೆಯಲ್ಲಿ ಎರಡು ಸೀಮೆಹಸು. ಹಾಲು ಕರೆದು ಡೈರಿಗೆ ಹಾಕಿಯೇ ರೈಲಿಗೆ ಬರಬೇಕು. ನೀವೂ ಬಿಟ್ಟುಬಿಡಿ ಅಂದರೆ, ರೋಗಿಗಳನ್ನು ಯಾರು ನೋಡುತ್ತಾರೆ ಅನ್ನುತ್ತಿದ್ದಳು. ಹಾಗಂತ ನಗುನಗುತ್ತಾ ನೋಡುತ್ತಿದ್ದಳು ಅಂದುಕೊಳ್ಳಬೇಡಿ. ಮೊದಮೊದಲು ರೋಗಿ ಸತ್ತರೆ ಸ್ಟೋರ್ ರೂಮಿಗೆ ಹೋಗಿ ಅತ್ತು ಬರುತ್ತಿದ್ದಳು. ಆಮೇಲಾಮೇಲೆ ಕೈ ತೊಳೆದು, ಹಾಸಿಗೆ ಬಟ್ಟೆ ಬದಲಾಯಿಸು ಅನ್ನುತ್ತಿದ್ದಳು, ಅಷ್ಟೇ. ಮುದುಕರನ್ನು ಗದರುವುದೂ ಶುರುವಾಗಿತ್ತು...

ನಾನು ರಜೆಯಲ್ಲಿದ್ದ ಎರಡು ದಿನ ಆಕೆ ನಿದ್ದೆಯಲ್ಲೇ ಕೊನೇ ಸ್ಟೇಷನ್ ಮಾರಿಕುಪ್ಪಂ ತನಕ ಹೋಗಿ ತಡವಾಗಿ ಬಂದಳು. ಇನ್ನೊಂದು ಸಲ ಹೀಗಾದರೆ ಬರಲೇಬೇಡ ಅಂತ ಮೇಟ್ರನ್ ಎಲ್ಲರೆದುರೇ ಹೇಳಿದಳು.

ಅದಾದ ವಾರದಲ್ಲೇ ಒಂದು ಮಧ್ಯಾಹ್ನ, ನಾಲ್ಕನೇ ಮಂಚದವನ ಇಂಜೆಕ್ಷನ್ ಹಿಡಿದು ಏಳನೇ ಮಂಚದ ಅಜ್ಜಿಯ ತೋಳು ಒರೆಸುತ್ತಿದ್ದಳು. ನನಗೆ ಓದು ಬಾರದಿದ್ದರೂ ಅಂಕಿ ಗೊತ್ತು. ಟ್ರೇಯಲ್ಲಿದ್ದ ಚೀಟಿ ನೋಡಿ ಆಕೆಯ ಕೈ ಹಿಡಿದೆ. ಸೂಜಿ ಕೆಳಗಿಟ್ಟಳು.

"ಯಾರ್ಗೂ ಯೋಳ್ಬ್ಯಾಡ ಆಯಮ್ಮ. ನಾಳೆ ಮರೀದಂಗೆ ಎಬ್ಬುಸು, ಸಾಕು," ಅಂದಳು.

ಆಯಿತು ಅಂದೆ.

ಮಾರನೇ ದಿನ ಊರಿಗಾಂ ಬಂತು. ಆಕೆಯ ಬಾಯಿ ಸ್ವಲ್ಪ ತೆರೆದಿತ್ತು, ಕರ್ಚೀಫು ಮಡಿಲಲ್ಲಿ ಬಿದ್ದಿತ್ತು. ಎತ್ತಿದ ಕೈ ಇಳಿಸಿ ನಾನೊಬ್ಬಳೇ ಇಳಿದೆ. ಕರುಣೆ ಅನ್ನಬೇಡಿ. ಆ ಅಜ್ಜಿಯ ತೋಳು ಕಣ್ಣ ಮುಂದೆ ಬಂದಿತ್ತು. ಅಥವಾ ಎರಡೂ ಇತ್ತೋ ಏನೋ...

ಮಾರಿಕುಪ್ಪಂ ಮುಟ್ಟಿದ್ದೂ ಗೊತ್ತಾಗದೆ, ಅದೇ ರೈಲಿನಲ್ಲಿ ಬಂಗಾರಪೇಟೆಗೆ ವಾಪಸಾದಳಂತೆ. ಸಂಜೆ ನಾನು ಇಳಿಯುವಾಗ ಸ್ಟೇಷನ್ನಿನಲ್ಲಿ ಕಾದಿದ್ದಳು. ಮೇಟ್ರನ್ ಫೋನಿನಲ್ಲೇ ಕೆಲಸದಿಂದ ತೆಗೆದಿದ್ದಳು.

"ಯಾಕ್ ಎಬ್ಬುಸ್ಲಿಲ್ಲ?"

"ಅಲ್ಲಾಡುಸ್ದೆ. ನೀವೇ ಏಳ್ಲಿಲ್ಲ ಸಿಸ್ಟರಮ್ಮ," ಅಂತ ಸುಳ್ಳು ಹೇಳಿದೆ.

ನನ್ನ ಮುಖವನ್ನೇ ನೋಡಿದಳು. "ನಾಕು ವರ್ಸ ಎಬ್ಬುಸಿದ್ದೀಯ. ನಿನ್ ಕೈ ನಂಗೆ ಗೊತ್ತಾಗಲ್ವಾ?" ಅಂದು ಹೊರಟುಹೋದಳು.

ಮತ್ತೆ ಸಿಗಲಿಲ್ಲ. ಮನೆಯವರೆಲ್ಲ ಹಸು ಮಾರಿ ಊರು ಬಿಟ್ಟರು ಅಂತ ಯಾರೋ ಅಂದರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ನೋವಾಗದಂತೆ ಸೂಜಿ ಚುಚ್ಚುವ ಅಂಥ ಕೈ ಆ ವಾರ್ಡಿಗೆ ಮತ್ತೆ ಬರಲಿಲ್ಲ, ಅದನ್ನು ಕಳೆದವಳು ನಾನೇ. ಈಗ ನನ್ನ ಸಕ್ಕರೆ ಕಾಯಿಲೆಗೆ ರಕ್ತ ತೆಗೆಯುವ ಹುಡುಗಿಯೂ ನಿಂತಲ್ಲೇ ತೂಕಡಿಸುತ್ತಾಳೆ. ಮೊಮ್ಮಗಳ ನೆಗಡಿ ವಾಸಿಯಾಯಿತು. ಎಣ್ಣೆಯ ಶೀಶೆಯನ್ನು ನಾನೇ ಅಟ್ಟದ ಮೇಲಿಟ್ಟೆ.

ಸ್ಟೇಷನ್ನಿನಲ್ಲಿ ಆಕೆ ಹಾಗಂದುಹೋದ ಮಾರನೇ ಬೆಳಿಗ್ಗೆ ಅದೇ ರೈಲು ಹತ್ತಿದೆ. ಊರಿಗಾಂ ಬಂದಾಗ ಪಕ್ಕದಲ್ಲಿ ಕೂತವಳ ಭುಜ ಹಿಡಿದು ಅಲ್ಲಾಡಿಸಿದೆ. ಯಾರೋ ಸೊಪ್ಪು ಮಾರುವವಳು, ಇನ್ನೂ ಮುಂದೆ ಹೋಗಬೇಕಿದ್ದವಳು. ತೆಲುಗಿನಲ್ಲಿ ಬೈದಳು. ಬೈಸಿಕೊಂಡು ಇಳಿದು ಡ್ಯೂಟಿಗೆ ಹೋದೆ.