ವಿಮಾನದ ಹೊಟ್ಟೆಯೊಳಗೊಂದು ಹೋಟೆಲು

ಮಲ್ಸೂನ್ ಅಜ್ಜಿಯ ಬಾಯಿಗೆ ಹೆದರದವರು ಚಂಗ್ಜು ಹೆದ್ದಾರಿಯಲ್ಲಿ ಯಾರೂ ಇರಲಿಲ್ಲ. ರಸ್ತೆ ಪಕ್ಕ ನಿಂತಿದ್ದ ಹಳೇ ಮಿಲಿಟರಿ ವಿಮಾನವೇ ಅವಳ ಹೋಟೆಲು. ಅದರ ಹೊಟ್ಟೆಯೊಳಗೆ ಕೂತು ಲಾರಿಯವರು ಬಿಸಿ ಕಲ್ಗುಕ್ಸು ಶಾವಿಗೆಯನ್ನು ಸೊರ್ರನೆ ಹೀರುತ್ತಿದ್ದರು, ಇನ್ನಷ್ಟು ಕಿಮ್ಚಿ ಉಪ್ಪಿನಕಾಯಿ ಕೇಳಿ ಬೈಸಿಕೊಳ್ಳುತ್ತಿದ್ದರು. ಬೈದ ಮೇಲೂ ಬಟ್ಟಲು ತುಂಬ ಬಡಿಸುತ್ತಿದ್ದಳು, ಅದು ಬೇರೆ ಮಾತು.

ಅವಳ ಗಂಡ ಡೂಸಿಕ್ ಸೇನೆಯಲ್ಲಿ ಇದೇ ವಿಮಾನದ ಮೆಕ್ಯಾನಿಕ್ ಆಗಿದ್ದ. ಹಳೆಯವಾದುವೆಂದು ಅಂಥ ವಿಮಾನಗಳೆಲ್ಲ ಗುಜರಿಗೆ ಹೋಗಿ, ಕರಗಿ, ಪಾತ್ರೆಪಗಡವಾದವು. ಇದೊಂದನ್ನು ಡೂಸಿಕ್ ಹಠ ಹಿಡಿದು ಮನೆಗೆ ತಂದ. ಊರೆಲ್ಲ ನಕ್ಕಿತು. ಅವನು ಸತ್ತ ಮೇಲೆ ಮಲ್ಸೂನ್‌ಗೆ ಗಂಡನ ಮನೆಯೆಂದರೆ ಆ ವಿಮಾನವೇ.

ಎಷ್ಟೋ ವರ್ಷದ ಮೇಲೆ ರಾಜಧಾನಿಯವರಿಗೆ ಜ್ಞಾನೋದಯವಾಯಿತು: ದೇಶಕ್ಕೊಂದು ವಿಮಾನ ಸಂಗ್ರಹಾಲಯ ಬೇಕು! ಕಟ್ಟಡ ಎದ್ದಿತು, ಒಳಗಿಡಲು ವಿಮಾನಗಳೇ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹುಡುಕುತ್ತ ಬಂದವನು ಪ್ಯೊ ಎಂಬ ಅಧಿಕಾರಿ.

"ಅಜ್ಜಿ, ಇಂಥದು ಇಡೀ ದೇಶದಲ್ಲಿ ಇದೊಂದೇ ಉಳಿದಿರೋದು. ಕೊಟ್ಬಿಡಿ."

"ನಿನ್ನ ತಲೆ! ಕರಗಿಸೋವಾಗ ಎಲ್ಲಿ ಸತ್ತಿದ್ರಿ? ನಡಿ ಆಚೆ!"

ಅವನು ಮೆಟ್ಟಿಲಿಳಿದನೋ ಇಲ್ಲವೋ, ಬೆನ್ನ ಹಿಂದೆ ಹಿಡಿ ಕಲ್ಲುಪ್ಪು ಎರಚಿದಳು. ಪೀಡೆ ತೊಲಗಲೆಂದು ನಮ್ಮಲ್ಲಿ ಎಲ್ಲರೂ ಎರಚುವುದೇ. ಮಲ್ಸೂನ್ ಮಾತ್ರ ದಿನಾ ಯಾರಿಗಾದರೂ ಎರಚುತ್ತಿದ್ದಳು: ಕುಡುಕರಿಗೆ, ಸಾರಿನ ರುಚಿಗೆ ಹೆಸರಿಟ್ಟವರಿಗೆ, ಇನ್ನೊಂದು ಮದುವೆಯ ಮಾತೆತ್ತಿದ ದಲ್ಲಾಳಿಗೆ. ಮೆಟ್ಟಿಲ ಪಕ್ಕದಲ್ಲೇ ವಿಮಾನದ ಎಡಗಾಲಿತ್ತು, ಚಕ್ರ ಹೊತ್ತ ಉಕ್ಕಿನ ಕಂಬ. ಉಪ್ಪೆಲ್ಲ ಬೀಳುತ್ತಿದ್ದದ್ದು ಅದರ ಬುಡಕ್ಕೆ.

ಆಮೇಲೆ ಹೆದ್ದಾರಿ ಅಗಲ ಮಾಡುವರೆಂದು ಜಾಗ ಖಾಲಿ ಮಾಡುವ ಆಜ್ಞೆ ಬಂತು. ಪ್ಯೊ ಮತ್ತೆ ಹಾಜರಾದ. "ಸತ್ರೂ ಕೊಡಲ್ಲ" ಎಂದು ಮಲ್ಸೂನ್ ವಿಮಾನವನ್ನು ತಮ್ಮನ ಸೇಬಿನ ತೋಟಕ್ಕೆ ಎಳೆಸಲು ಟ್ರ್ಯಾಕ್ಟರು ತರಿಸಿದಳು. ಪ್ಯೊ ಕೈಕಟ್ಟಿ ದೂರ ನಿಂತ.

"ನೋಡೋ, ಕಣ್ತುಂಬ ನೋಡು! ನಿಮ್ಮ ಸಂಗ್ರಹಾಲಯದ ಥರ ಟಿಕೆಟ್ ಕೇಳಲ್ಲ ನಾನು!"

ಹಗ್ಗ ಬಿಗಿಯಿತು. ಎಡಗಾಲು ಒಣಕಡ್ಡಿಯಂತೆ ಲಟಕ್ಕನೆ ಮುರಿಯಿತು. ರೆಕ್ಕೆ ನೆಲಕ್ಕೆ ಬಡಿದು, ವಿಮಾನದ ಹೊಟ್ಟೆ ನಡುಮಧ್ಯಕ್ಕೇ ಬಿರಿಯಿತು.

ಪ್ಯೊ ಓಡಿ ಬಂದು ಮುರಿದ ಕಾಲನ್ನು ಉಜ್ಜಿ ನೋಡಿದ. ಬೆರಳಿಗೆ ತುಕ್ಕಿನ ಪುಡಿ, ಅದರೊಳಗೆ ಬಿಳಿಯ ಹರಳು.

"ಉಪ್ಪು, ಅಜ್ಜಿ. ನೀವು ಎರಚಿದ್ದೇ."

ಮಲ್ಸೂನ್ ತನ್ನ ಅಂಗೈ ನೋಡಿಕೊಂಡಳು. ಅಯ್ಯೋ, ಗಂಡ ಬೆಂಕಿಯ ಬಾಯಿಂದ ಉಳಿಸಿದ್ದನ್ನು ತನ್ನ ಕೈಯೇ ತಿಂದುಹಾಕಿತಲ್ಲ!

"ನಮಗಿನ್ನಿದು ಬೇಡ," ಎಂದ ಪ್ಯೊ, ಸೇಡು ತೀರಿಸಿಕೊಂಡವನಂತೆ. "ನಾಳೆ ರಸ್ತೆಯವರು ಗುಜರಿಗೆ ಹಾಕ್ತಾರೆ, ಬಿಡಿ."

ಅವನು ಕಾರಿನತ್ತ ತಿರುಗಿದ. ಯಾರ ಮುಂದೆಯೂ ಬಾಗದ ಮುದುಕಿ ಎದ್ದೂಬಿದ್ದೂ ಓಡಿ ಅವನ ತೋಳು ಹಿಡಿದಳು.

"ತಗೊಂಡೋಗಪ್ಪಾ. ಮುರುಕಾದ್ರೂ ಅದೊಂದೇ ಅಲ್ವಾ ಉಳಿದಿರೋದು? ನೀನೇ ಹೇಳಿದ್ದೆ."

ಪ್ಯೊ ತೋಳು ಕೊಡವಿಕೊಂಡ. ಬಿರಿದ ವಿಮಾನವನ್ನು ಒಂದು ಗಳಿಗೆ ದಿಟ್ಟಿಸಿದ.

"ಒಯ್ತೀನಿ. ಆದ್ರೆ ಯಾಕೆ ಹೀಗಾಯ್ತು ಅಂತ ಜನ ಕೇಳ್ತಾರೆ. ಫಲಕದ ಮೇಲೆ ಏನಂತ ಬರೀಲಿ?"

"ಡೂಸಿಕ್ ಉಳಿಸಿದ ಅಂತ ಬರಿ," ಎಂದಳು ಮಲ್ಸೂನ್. "ಹೆಂಡ್ತಿ ಮುರಿದ್ಲು ಅಂತಾನೂ ಬರಿ. ಹೆಸರು ಹಾಕಿ ಬರಿ."