ಶಿವು ಕಾಕಾನ ದಮ್ಮು

ಕುಸುಬಿ ಎಣ್ಣೆ ಕಾಯುವ ವಾಸನೆ ಬಂದರೆ ಇವತ್ತಿಗೂ ನನಗೆ ಹಸಿವಾಗುವುದಿಲ್ಲ, ಅಂಜಿಕೆಯಾಗುತ್ತದೆ. ಮೊನ್ನೆ ಪಕ್ಕದ ಮನೆಯವರು ಒಗ್ಗರಣೆಗೆ ಎಣ್ಣೆ ಇಟ್ಟು ಮರೆತರೋ ಏನೋ, ಆ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ಲಟ್ಟಣಿಗೆ ಕೆಳಗಿಟ್ಟು ನಿಂತುಬಿಟ್ಟೆ. ಬಸವನ ಬಾಗೇವಾಡಿಯ ನಮ್ಮ ಹಳೆಯ ಕಲ್ಲಿನ ಮನೆಯಲ್ಲಿ ಸಂಜೆ ಹೊತ್ತು ಆ ಎಣ್ಣೆ ಕಾಯುತ್ತಿದ್ದದ್ದು ಅಡುಗೆಗಲ್ಲ, ಶಿವು ಕಾಕಾನ ಮೊಣಕಾಲಿಗೆ. ಅಪ್ಪನ ತಮ್ಮನಾದ ಆತ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದ. ಮೈತುಂಬ ಮಣ್ಣು ಮಾಡಿಕೊಂಡು ಬಂದು ಪಡಸಾಲೆಯ ಕಂಬಕ್ಕೆ ಒರಗಿದರೆ, ಆಯಿ, ಅಂದರೆ ನನ್ನ ಅಜ್ಜಿ, ಎಣ್ಣೆಗೆ ಅರಿಶಿನ ಹಾಕಿ ತಂದು ತಿಕ್ಕುವಳು, ಜೊತೆಗೆ ಬೈಯುವಳು. ಎರಡೂ ಕೆಲಸಕ್ಕೆ ಒಂದೇ ಜೋರು. "ಎತ್ತಿನಂಥಾ ಏಳು ಮಂದಿ ಕೂಡಿ ಒಬ್ಬನ ಕಾಲು ಜಗ್ಗೂದು, ಇದ್ಯಾವ ಆಟೋ?"

ಬೈಗುಳದ ಹಿಂದೆ ಏನಿತ್ತೆಂದು ಮನೆಯವರಿಗೆಲ್ಲ ಗೊತ್ತಿತ್ತು. ಆಕೆಯ ಗಂಡ, ನಮ್ಮ ಮುತ್ಯಾ, ದಮ್ಮಿನ ಬೇನೆಯಿಂದ ಹೋಗಿ ಬಹಳ ದಿನವಾಗಿರಲಿಲ್ಲ. ದಿಂಬು ಅಪ್ಪಿಕೊಂಡು ಕೂತು, ಆಳದ ಬಾವಿಯಿಂದ ನೀರು ಸೇದಿದ ಹಾಗೆ ಒಂದೊಂದೇ ಉಸಿರು ಸೇದುತ್ತಿದ್ದ ಆತನನ್ನು ನಾನು ಬಾಗಿಲ ಸಂದಿನಿಂದ ನೋಡಿದ್ದೆ. ಮೊದಲೇ ಪುಕ್ಕಲಿ ನಾನು. ಅದನ್ನು ನೋಡಿದ ಮೇಲೆ ನನ್ನ ಉಸಿರನ್ನೂ ನಂಬದಾದೆ. ಅಂಥ ಮನೆಗೆ ಒಂದು ಸಂಜೆ ತಂಡದ ಹುಡುಗರು ಬಂದು ಚುನಮರಿ ತಿನ್ನುತ್ತ ಕೂತಿದ್ದಾಗ, ನಾಯಕ ಬಸ್ಯಾ ಮೆಚ್ಚಿ ಹೇಳಿದ: "ಆಯಿ, ಏನರ ಅನ್ರಿ, ನಿಮ್ಮ ಶಿವೂಗ ದಮ್ಮು ಭಾಳ ಐತ್ರಿ!" ಆತ ಹೇಳಿದ್ದು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಯ ಅಂಕಣ ಸುತ್ತಿ ಬರುವ ತಾಕತ್ತಿನ ಮಾತು. ಆಯಿಯ ಕಿವಿಗೆ ಬಿದ್ದದ್ದು ಗಂಡನನ್ನು ಒಯ್ದ ಬೇನೆಯ ಹೆಸರು. ಕೈಯಲ್ಲಿದ್ದ ತಾಟು ನೆಲಕ್ಕೆ ಬಿತ್ತು. "ಬಿಡ್ತು ಅನ್ನೋ ಖೋಡಿ! ಬಿಡ್ತು ಅನ್ನು!" ಬಸ್ಯಾ ಯಾಕೆಂದು ತಿಳಿಯದೆಯೇ "ಬಿಡ್ತು, ಬಿಡ್ತು" ಅಂದ. ಅಂದಿನಿಂದ ಹುಡುಗರು ನಮ್ಮ ಹೊಸ್ತಿಲೊಳಗೆ ಆ ಶಬ್ದ ಎತ್ತಲಿಲ್ಲ. "ಶಿವೂಗ ಅದು ಭಾಳ ಐತ್ರಿ" ಎಂದು ಕಣ್ಣು ಮಿಟುಕಿಸುವರು, ಎಲ್ಲರೂ ನಗುವರು. ನನಗೆ ನಗು ಬರುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಪಂದ್ಯಗಳು ಸುರುವಾದವು. ಇಂಡಿಯಲ್ಲಿ ಗೆದ್ದು ಕಾಕಾ ಒಂದು ಚೀಲ ಲಿಂಬಿಹಣ್ಣು ಹೊತ್ತು ಬಂದ. ಮುದ್ದೇಬಿಹಾಳದ ಪಂದ್ಯದ ದಿನ ಅವ್ವ ಫೋನಿನ ಸ್ಪೀಕರ್ ಹಾಕಿ ಮಾಳಿಗೆಯ ಮೆಟ್ಟಿಲ ಮೇಲಿಟ್ಟಳು. ಅಲ್ಲಷ್ಟೇ ನೆಟ್‌ವರ್ಕ್ ಸಿಗುತ್ತಿತ್ತು. ಅತ್ತ ಕಡೆಯಿಂದ ಮೀಸಲು ಆಟಗಾರನೊಬ್ಬ ಕೂಗಿ ಕೂಗಿ ಆಟ ಹೇಳುತ್ತಿದ್ದ. "ಶಿವ್ಯಾ ಒಳಗ ಹೋದ... ಕಾಲು ಹಿಡದ್ರು... ಶಿವ್ಯಾ ಸತ್ತ!" ಅಷ್ಟಕ್ಕೆ ಲೈನು ಕಟ್ಟಾಯಿತು. ಕಬಡ್ಡಿಯಲ್ಲಿ ಔಟಾದವನನ್ನು ಸತ್ತ ಅನ್ನುತ್ತಾರೆ, ತಂಡಕ್ಕೆ ಅಂಕ ಬಂದರೆ ಅವನು ಮತ್ತೆ ಏಳುತ್ತಾನೆ. ಇದು ಗೊತ್ತಿದ್ದೂ ಅವ್ವನ ಮುಖ ಕಪ್ಪಿಟ್ಟಿತು. ಆಯಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಫೋನು ಮತ್ತೆ ಬರುವವರೆಗೆ ನಾನು ಆಕೆಯ ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ. "ಎದ್ದ, ಎದ್ದ! ಗೆದ್ವಿ!" ಎಂದು ಕೇಳಿದಾಗ ಆಯಿ ಕಣ್ಣೊರೆಸಿಕೊಂಡು ಹೇಳಿದಳು, "ಮುಂದಿನ ಆಟ ನಾನ ಹೋಗಿ ನೋಡ್ತೇನಿ. ಸತ್ತ, ಎದ್ದ ಅಂತ ಮಂದಿ ಬಾಯಿಂದ ಕೇಳೂದು ಸಾಕು."

ಮುಂದಿನದೇ ಕೊನೆಯ ಪಂದ್ಯ, ನಮ್ಮೂರಿನ ಮೈದಾನದಲ್ಲಿ, ಸಿಂದಗಿಯವರ ಎದುರು. ಆ ಹೊತ್ತಿಗೆ ಕಾಕಾನ ಎದೆಯಲ್ಲಿ ಸಣ್ಣಗೆ ಸುಂಯ್ ಎನ್ನುವ ಸಪ್ಪಳ ಸುರುವಾಗಿತ್ತು. ಧೂಳು, ನೆಗಡಿ ಎನ್ನುತ್ತಿದ್ದ. ಆಯಿ ಎಣ್ಣೆ ತಿಕ್ಕುತ್ತ ತಿಕ್ಕುತ್ತ ಕೈ ನಿಲ್ಲಿಸಿ ಕಿವಿಗೊಡುವಳು. "ನಡಿ, ಡಾಕ್ಟರ್ ಕಡೆ ಹೋಗೂಣು." "ಇದೊಂದು ಆಟ ಮುಗೀಲಿ ಬೇ."

ಮೈದಾನದಲ್ಲಿ ಹೆಂಗಸರೆಂದರೆ ಆಯಿ, ನಾನು ಇಬ್ಬರೇ, ಗೆರೆಯ ಪಕ್ಕಕ್ಕೇ ಗೋಣಿಚೀಲ ಹಾಸಿ ಕೂತಿದ್ದೆವು. ಅಂಕ ಸಮವಿದ್ದಾಗ ಕೊನೆಯ ದಾಳಿಗೆ ಕಾಕಾ ಹೋದ. ಇಬ್ಬರನ್ನು ಮುಟ್ಟಿದ, ಉಸಿರು ಮುರಿಯದೆ ನಡುಗೆರೆಗೆ ಬಂದರೆ ಗೆಲುವು ನಮ್ಮದು. ಸಿಂದಗಿಯ ಹುಡುಗರು ದಾರಿ ಕಟ್ಟಿದರು. ಕಬಡ್ಡಿ ಕಬಡ್ಡಿ ಎಂಬ ದನಿ ಸಣ್ಣದಾಗುತ್ತ ಹೋಯಿತು. ಅವನ ಹೆಗಲು ಕಿವಿಯ ತನಕ ಏರಿತ್ತು, ಕೊರಳ ಬುಡದ ಕುಳಿ ಮುತ್ಯಾನದರ ಹಾಗೆಯೇ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಆಯಿ ನನಗಿಂತ ಮೊದಲೇ ನೋಡಿ ಎದ್ದು ನಿಂತಿದ್ದಳು. "ಉಸಿರು ಬಿಡೋ ಶಿವ್ಯಾ! ಬಿಡೋ ನನ್ನಪ್ಪಾ!" ಅಷ್ಟು ಗದ್ದಲದಲ್ಲೂ ಆ ದನಿ ಮುಟ್ಟಿತು. ಕಾಕಾ ನಿಂತ. ಎದುರಾಳಿಯ ಅಂಕಣದಲ್ಲಿ, ಯಾರೂ ಹಿಡಿಯದೇ, ಬಾಯಿ ತೆರೆದು ಉಸಿರು ಎಳೆದುಕೊಂಡ. ಅಂಪೈರ್ ಸೀಟಿ ಊದಿದ.

ಒಂದೇ ಅಂಕದಿಂದ ನಮ್ಮವರು ಸೋತರು. ಬಸ್ಯಾ ನೆಲ ಗುದ್ದಿ ಅತ್ತ. ಆಯಿ ಯಾರನ್ನೂ ನೋಡದೆ ಗೆರೆ ದಾಟಿ ಹೋಗಿ, ಅಷ್ಟು ಜನರೆದುರು, ಎತ್ತರದ ಮಗನನ್ನು ಬಗ್ಗಿಸಿ ಎದೆಗೆ ಕಿವಿ ಹಚ್ಚಿದಳು. ದಮ್ಮೇ ಎಂದರು ದವಾಖಾನೆಯಲ್ಲಿ, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು, ಆಟ ಬೇಡವೆಂದರು. ಬರುವಾಗ ಆಟೋದಲ್ಲಿ ಕಾಕಾ ಹೊರಗೆ ನೋಡುತ್ತ ಹೇಳಿದ, "ಇನ್ನೊಂದ ಹೆಜ್ಜಿ ಇತ್ತು ಬೇ. ಗೆದ್ದಿರ್ತಿದ್ವಿ."

"ಗೆದ್ದಿರ್ತಿದ್ರಿ," ಎಂದಳು ಆಯಿ. "ನಾ ಯಾರನ್ನ ಕರಕೊಂಡು ಮನಿಗೆ ಹೋಗ್ತಿದ್ದೆ?"

ಹುಡುಗರು ಬರುವುದು ನಿಂತಿತು, ಪಡಸಾಲೆ ಭಣಭಣ ಎನ್ನತೊಡಗಿತು. ತಾಯಿ ಮಗ ಎಷ್ಟೋ ದಿನ ಬೇಕಾದಷ್ಟೇ ಮಾತಾಡಿಕೊಂಡರು. ಮಗನ ಆಟ ಕೆಡಿಸಿದೆನೇನೋ ಎಂಬ ಕೊರಗು ಆಯಿಗೆ ಕಡೆಯವರೆಗೂ ಇತ್ತು. ಎಣ್ಣೆಯ ಬಟ್ಟಲು ತೊಳೆಯುತ್ತ ಒಬ್ಬಳೇ ಗೊಣಗುವುದನ್ನು ಕೇಳಿದ್ದೇನೆ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು, ನಾಲ್ಕು ಮಂದಿಯೆದುರು ಮಾನ ಹೋದರೂ ಸರಿ ನಿಮ್ಮ ಜೀವ ಉಳಿಯಲಿ ಎನ್ನುವವರು. ಈಗ ಆಯಿಯೂ ಇಲ್ಲ, ಮನೆಯೂ ಇಲ್ಲ. ಪಡಸಾಲೆ ಇದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ.

ಹೋದ ಸಲ ಆಕೆಯ ಪುಣ್ಯತಿಥಿಗೆ ಸೇರಿದಾಗ ಕಾಕಾನನ್ನು ಕೇಳಿಯೇಬಿಟ್ಟೆ, ಆಯಿಯ ಮೇಲೆ ಇನ್ನೂ ಸಿಟ್ಟು ಐತೇನೆಂದು.

"ಸಿಟ್ಟು ಯಾವಾಗ ಇತ್ತವಾ? ಕಣ್ಣಿಗೆ ಕತ್ತಲಿ ಬಂದಿತ್ತು ಅವತ್ತು, ಗೆರಿ ಕಾಣಾಕತ್ತಿರಲಿಲ್ಲ. ಉಸಿರು ಬಿಟ್ರ ಹುಡುಗ್ರ ಅಂಜಿಕಿ, ಹಿಡದ್ರ ಸಾವಿನ ಅಂಜಿಕಿ. ಆಕಿ ಒದರಲಿ ಅಂತನ ಕಾಯಾಕತ್ತಿದ್ದೆ."

"ಆಯಿಗೆ ಇದನ್ನ ಹೇಳಿದ್ದೇನು ಕಾಕಾ?"

"ಇಲ್ಲವಾ," ಎಂದ. "ಹೇಳೂದ ಆಗಲಿಲ್ಲ."