ಡೈನಮೋಕ್ಕೆ ಹಚ್ಚಿದ ವಿಭೂತಿ

ನನ್ನ ಮಗನ ಹಳೇ ಮೋಟಾರ್ ಸೈಕಲ್ಲಿಗೆ ಯಾರ ಕಣ್ಣೂ ಬಿದ್ದಿರಲಿಲ್ಲ, ಅವನ ಭಕ್ತಿಯೇ ಅದನ್ನು ಕೆಡಿಸಿತ್ತು. ಅವನಿಗೆ ಹೆಣ್ಣು ನೋಡಲು ನಾವಿಬ್ಬರೂ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟಿದ್ದೆವು. ಮಸ್ಕಿ ಹತ್ತಿರ ಗಾಡಿ ನಿಂತುಬಿಟ್ಟಿತು. ಹಿಂದಿನ ಸಲವೂ ಹೀಗೇ ಆಗಿತ್ತು. ಇನ್ನೊಮ್ಮೆ ಬರದಿದ್ದರೆ ಬೇರೆ ಕಡೆ ಕೊಡುತ್ತೇವೆಂದು ಹೆಣ್ಣಿನವರು ಹೇಳಿ ಕಳಿಸಿದ್ದರು.

"ಯವ್ವಾ, ದೃಷ್ಟಿ ಆಗೈತಿ. ಹೊಸ ಬ್ಯಾಟರಿ ಹಾಕಿದ್ರೂ ಇಳಿದುಬಿಡ್ತೈತಿ" ಎಂದ ಮಗ.

ಗಾಡಿ ದಬ್ಬಿಕೊಂಡು ಮಸ್ಕಿಯಲ್ಲಿ ರಿಪೇರಿ ಮಾಡುವ ಮಿಸ್ತ್ರಿ ಹತ್ತಿರ ಹೋದೆವು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಮುಚ್ಚಳ ಬಿಚ್ಚಿದ ಮಿಸ್ತ್ರಿ ದಂಗಾದ. ಒಳಗೆಲ್ಲ ವಿಭೂತಿ, ಕುಂಕುಮ ಗಟ್ಟಿಯಾಗಿ ಕೂತಿತ್ತು. ನಡುವೆ ಒಂದು ಒಣಗಿದ ಬಿಲ್ವಪತ್ರೆ.

"ಇದೇನ್ರೀ, ಡೈನಮೋನೋ ಗದ್ದಿಗಿನೋ?"

"ಕರೆಂಟ್ ಹುಟ್ಟೂದು ಅಲ್ಲೇ ಅಂತಾರಲ್ರೀ. ಅದಕ್ಕ ಸೋಮವಾರಕ್ಕೊಮ್ಮಿ ಬಿಚ್ಚಿ ಪೂಜಿ ಮಾಡ್ತೀನಿ" ಎಂದ ನನ್ನ ಮಗ, ನಾಚಿಕೆಯಿಲ್ಲದೆ.

"ಪೆಟ್ರೋಲ್ ಟಾಕಿಗೆ ತೀರ್ಥ ಹಾಕಿಲ್ಲೇನಲೇ ಮತ್ತ?" ಎಂದೆ. ಮಿಸ್ತ್ರಿ ಹೆದರಿ ಅದರ ಮುಚ್ಚಳವನ್ನೂ ತೆಗೆದು ನೋಡಿದ.

ಡೈನಮೋ ಸುಟ್ಟುಹೋಗಿತ್ತು, ಬೇರೆಯದನ್ನೇ ಹಾಕಬೇಕಿತ್ತು. ಅಷ್ಟರಲ್ಲಿ ಹೊತ್ತೂ ಇಳಿದಿತ್ತು. ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಮರಳಿದೆವು.

ಮರುದಿನ ಮುಂಜಾನೆ ಮಗನನ್ನು ಮನೆಯಲ್ಲೇ ಕೂಡಿಸಿ, ನಾನೊಬ್ಬಳೇ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆ. "ಹುಡುಗ ಶೆರೆ ಕುಡಿಯಂಗಿಲ್ಲ, ಇಸ್ಪೀಟ್ ಆಡಂಗಿಲ್ಲ, ದೇವರ ಹುಚ್ಚೊಂದು ಐತಿ. ನಿಮ್ಮ ಹುಡುಗಿ ಸಂಬಾಳಿಸ್ತಾಳೇನು ಕೇಳ್ರಿ" ಎಂದು ಇದ್ದದ್ದು ಇದ್ದ ಹಾಗೆ ಹೇಳಿ, ಅವರನ್ನು ಒಪ್ಪಿಸಿ ಲಗ್ನದ ಮಾತು ಮುಗಿಸಿಕೊಂಡೇ ಬಂದೆ.